ಹೆಚ್ಚು ಹೊಡೆಯದ ರಿವಾಲ್ವರ್

ನಮ್ಮ ಓಣಿಯ ರಿವಾಲ್ವರ್ ಒಡೆದದ್ದು ಎರಡು ವರ್ಷದ ಹಿಂದೆ, ಸಂಜೆ ಆರು ಗಂಟೆಗೆ. ಹೊತ್ತು ಹೊಡೆಯುವ ಕೆಲಸ ಆಗ ಬಸಲಿಂಗಜ್ಜನದು. ಅಜ್ಜ ಎಂದಿನಂತೆ ಮಾಳಿಗೆ ಹತ್ತಿ, ಪಡುವಣಕ್ಕೆ ಮುಖ ಮಾಡಿ ನಿಂತು, ಬಾಯಲ್ಲಿದ್ದ ಎಲೆಯಡಿಕೆ ಉಗುಳಿ, ಕುದುರೆ ಎಳೆದ. ಗುಂಡು ಹಾರುವ ಬದಲು ಸಿಲಿಂಡರೇ ಸಿಡಿಯಿತು. ಅಜ್ಜನ ಎರಡು ಬೆರಳು ಹೋದವು. ಅವತ್ತು ನಮ್ಮ ಓಣಿಗೆ ಸಂಜೆಯಾಗಲಿಲ್ಲ. ಬಲಗಡೆ ಅಕ್ಕಸಾಲಿಗರ ಓಣಿಯಲ್ಲಿ ಗುಂಡು ಹಾರಿ ಕತ್ತಲಿಳಿಯಿತು. ಎಡಗಡೆ ವಕೀಲರ ಓಣಿಯಲ್ಲಿ ಹಾರಿ ಅಲ್ಲೂ ಇಳಿಯಿತು. ನಡುವೆ ನಾವು, ಊಟಕ್ಕೆ ಎಲ್ಲರನ್ನೂ ಎಬ್ಬಿಸಿಕೊಂಡು ಹೋದ ಮೇಲೂ ಕರೆ ಬಾರದೆ ಉಳಿದ ನೆಂಟರ ಹಾಗೆ, ಬಿಸಿಲಲ್ಲಿ ಕೂತಿದ್ದೆವು.

ನಮ್ಮೂರಲ್ಲಿ ಬೆಳಗು ಎಲ್ಲರಿಗೂ ತಾನಾಗಿಯೇ ಬರುತ್ತದೆ, ಬೇಡವೆಂದರೂ ಬರುತ್ತದೆ. ಸಂಜೆಯನ್ನು ಮಾತ್ರ ಆಯಾ ಓಣಿಯವರು ಹೊಡೆದು ಬೀಳಿಸಿಕೊಳ್ಳಬೇಕು. ಸಣ್ಣ ಬಂದೂಕು ಸಾಲದು. ಇಪ್ಪತ್ತೆರಡರ ಗುಂಡಿಗೆ ಮೋಡ ಕವಿದಂತಾಗುತ್ತದೆ, ಅಷ್ಟೇ. ಮೂವತ್ತೆರಡಕ್ಕೆ ಮುಸ್ಸಂಜೆ, ಸೂಜಿಗೆ ದಾರ ಪೋಣಿಸುವಷ್ಟು ಬೆಳಕು ಉಳಿದೇ ಇರುತ್ತದೆ. ಚುಕ್ಕಿ ಕಾಣುವಂಥ, ನಾಯಿಯೂ ಸುಮ್ಮನಾಗುವಂಥ ಕತ್ತಲು ಬೇಕೆಂದರೆ ನಲವತ್ತೈದರದೇ ಬೇಕು. ಓಣಿಗೆ ಒಂದು ಲೈಸೆನ್ಸ್, ಲೈಸೆನ್ಸ್ ಇದ್ದರೆ ರೇಷನ್ ಅಂಗಡಿಯಲ್ಲಿ ತೋಟಾ. ರಿವಾಲ್ವರನ್ನು ಮಾತ್ರ ಓಣಿಯವರೇ ಹೊಂದಿಸಿಕೊಳ್ಳಬೇಕು, ಮತ್ತು ಹೊಸದು ಬರುವುದು ನಿಂತು ಎಷ್ಟೋ ಕಾಲವಾಯಿತು. ಗತಿಯಿಲ್ಲದ ಓಣಿಗಳಿಗೆಂದು ಪುರಸಭೆಯವರು ಶನಿವಾರಕ್ಕೊಮ್ಮೆ ತೋಪು ಹಾರಿಸುತ್ತಾರೆ. ಆಗ ಇಡೀ ಊರಿಗೆ ರಾತ್ರಿ. ಗಂಡಹೆಂಡಿರ ಜಗಳ, ರಾಜಿ, ಕಳ್ಳತನ, ಕನಸು, ನಮ್ಮಲ್ಲಿ ಎಲ್ಲವೂ ಶನಿವಾರಕ್ಕೆ ಕಾದಿರುತ್ತಿದ್ದವು. ಉಳಿದ ದಿನ ಸೂರ್ಯ ಪಡುವಣದಲ್ಲಿ ಒಂದು ಮಾರು ಮೇಲೆ ನಿಂತುಬಿಡುತ್ತಿದ್ದ. ಬೆಳಗಾಗುವಾಗ ನೋಡಿದರೆ ಮೂಡಣದಲ್ಲಿರುತ್ತಿದ್ದ. ಯಾವಾಗ ದಾಟಿದನೆಂದು ಕಂಡವರಿಲ್ಲ.

ಬಂದೂಕು ಒಡೆದ ಮೂರನೆಯ ತಿಂಗಳಿಗೆ ಪರಪ್ಪ ಸಾವ್ಕಾರ ನಮ್ಮ ಓಣಿಗೆ ಹಪ್ಪಳದ ಕೆಲಸ ತಂದ. ಕೈಗಾಡಿಯಲ್ಲಿ ಮಣೆ, ಲಟ್ಟಣಿಗೆ, ಉದ್ದಿನ ಹಿಟ್ಟಿನ ಚೀಲ ಬಂದವು. ನಾವು ಹೆಂಗಸರು ಕುಣಿದಾಡುವುದೊಂದು ಬಾಕಿ. ಮನೆ ಬಾಗಿಲಲ್ಲೇ ಕೂಲಿ, ಓಣಿ ತುಂಬ ಬಿಸಿಲು. ಕೂಲಿ ದಿನದ ಲೆಕ್ಕ. ದಿನವೆಂದರೆ ಹೊತ್ತು ಮುಳುಗುವ ತನಕ ಎಂದು ಹಿಂದಿನಿಂದ ಬಂದ ಮಾತು. ನಮ್ಮಲ್ಲಿ ಮುಳುಗುತ್ತಿರಲಿಲ್ಲ. ಗಡಿಯಾರ ಹನ್ನೊಂದು ತೋರಿಸಿದರೂ ಸಾವ್ಕಾರ ಕೊಡೆ ಹಿಡಿದುಕೊಂಡು ಓಣಿಯ ಬಾಯಲ್ಲಿ ನಿಂತು, "ಇನ್ನೂ ಹೊತ್ತೈತಲ್ಲವಾ ತಂಗ್ಯಾರ, ಇನ್ನೊಂದು ಉಂಡಿ ಲಟ್ಟಸ್ರಿ" ಎನ್ನುತ್ತಿದ್ದ. ಬೈಯುತ್ತಿರಲಿಲ್ಲ. ಅವನು ಯಾರನ್ನೂ ಬೈದದ್ದನ್ನು ನಾನು ಕೇಳಿಲ್ಲ.

ನನ್ನ ಗಂಡ ದಿನಾ ರಾತ್ರಿಯಾಗುವ ಊರು ನೋಡಿಕೊಂಡು ಬರುತ್ತೇನೆಂದು ಹೋದವನು ಬಂದಿಲ್ಲ, ಸಿಕ್ಕಿರಬೇಕು. ಮನೆಯಲ್ಲಿ ನಾನು ಮತ್ತು ಮಗಳು ಸುಗಲಾ. ಅವಳಿಗೆ ಒಂಬತ್ತು ವರ್ಷ. ಕಿಟಕಿಗೆ ಕೌದಿ ಇಳಿಬಿಟ್ಟು, ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿ ಮಲಗಿಸುತ್ತಿದ್ದೆ. ಅದು ಪೆಟ್ಟಿಗೆಯೊಳಗಿನ ಕತ್ತಲು. ಕಣ್ಣು ಮುಚ್ಚಬಹುದು, ನಿದ್ದೆ ಬರುವುದಿಲ್ಲ. ಕೋಳಿಗೂ ಆ ವ್ಯತ್ಯಾಸ ಗೊತ್ತು. ದೊಡ್ಡವರು ಹೇಗೋ ತೂಕಡಿಸಿ ಕಳೆದೆವು. ಸುಗಲಾಗೆ ಮೊದಲು ಕೈ ನಡುಗತೊಡಗಿತು, ಆಮೇಲೆ ಫಿಟ್ಸ್ ಶುರುವಾಯಿತು. ಶಾಲೆಯಲ್ಲಿ ಎರಡು ಸಲ ಬಿದ್ದಳು. ಮೂರನೆಯ ಸಲ ಒಲೆಯ ಮುಂದೆ ಬಿದ್ದಳು. ಡಾಕ್ಟರು ಔಷಧಿ ಬರೆಯಲೇ ಇಲ್ಲ. "ಇದಕ್ಕ ರಾತ್ರಿ ಬೇಕವಾ. ದಿನಾ ಬೇಕು. ಇಲ್ಲಂದ್ರ ಒಂದಿನ ಬಿದ್ದಾಕಿ ಏಳೂದಿಲ್ಲ" ಎಂದರು.

ಅಕ್ಕಸಾಲಿಗರ ಓಣಿಯಲ್ಲಿ ನನ್ನ ಅಣ್ಣನ ಮನೆಯಿದೆ. ಸುಗಲಾಳನ್ನು ಅಲ್ಲಿ ಬಿಟ್ಟು ಬಂದೆ. ಗುಂಡು ಹಾರಿದ ಕೂಡಲೇ ಆ ಓಣಿಯ ಗೇಟು ಹಾಕುತ್ತಾರೆ; ಹೊರಗಿನವರು ಮಲಗಿದರೆ ಕತ್ತಲು ತೆಳ್ಳಗಾಗುತ್ತದೆಂದು ಅವರ ನಂಬಿಕೆ. ಮೂರನೆಯ ಬೆಳಗ್ಗೆ ಅತ್ತಿಗೆಯೇ ಹುಡುಗಿಯನ್ನು ಕರೆತಂದಳು. "ತಪ್ಪ ತಿಳ್ಕೋಬ್ಯಾಡ ನಿಂಬೆವ್ವಾ. ನಿನ್ನೆ ಚುಕ್ಕಿ ಸ್ವಲ್ಪ ಮಸಕಾದಂಗ ಕಂಡ್ವು. ಓಣ್ಯಾಗ ನಾಕು ಮಂದಿ ಅಂದಾಡಾಕ ಹತ್ಯಾರ." ಕೈಯಲ್ಲಿ ಒಂದು ಡಬ್ಬಿ ಅವಲಕ್ಕಿ ಕೊಟ್ಟು ಹೋದಳು.

ಬುಡನಸಾಬ ಕಾಕಾ ನಮ್ಮ ಓಣಿಯ ಮೂಲೆಯಲ್ಲಿ ಬೀಗ, ಸ್ಟೋವು, ಹೊಲಿಗೆ ಮಷಿನು ರಿಪೇರಿ ಮಾಡುವವರು. ಹರೇದಲ್ಲಿ ಬಂದೂಕಿನ ಕೆಲಸವನ್ನೂ ಮಾಡಿದವರು. ಅವಲಕ್ಕಿ ಡಬ್ಬಿ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದ ನನ್ನನ್ನು ನೋಡಿ ಅವರೇ ಹತ್ತಿರ ಬಂದು ಹೇಳಿದರು: ಬಣ್ಣಗಾರರ ಓಣಿಯ ತಾರಾಬಾಯಿ ಒಂದು ನಲವತ್ತೈದರದು ಮಾರುತ್ತಾಳಂತೆ.

"ಓಣಿದು ಓಣಿ ಮಂದಿ ಮಾರಾಕ ಬಿಡ್ತಾರೇನ್ ಕಾಕಾ?"

"ಬಿಟ್ಟಾರಂತ. ಅದ ನನಗೂ ತಿಳೀವಲ್ದು. ನಡಿ, ನೋಡೂದಕ್ಕ ರೊಕ್ಕ ಇಲ್ಲಲ್ಲ."

ಮರುದಿನ ಮಧ್ಯಾಹ್ನ ಹೋದೆವು. ತಾರಾಬಾಯಿ ನನ್ನದೇ ವಯಸ್ಸಿನವಳು, ಕೈ ಮೊಣಕೈವರೆಗೆ ಒಣಗಿ ಬಿರುಕು ಬಿಟ್ಟಿತ್ತು. ಪಡಸಾಲೆಯಲ್ಲಿ ಅವಳ ಗಂಡ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಮಲಗಿದ್ದ. "ಕಣ್ಣು ಬ್ಯಾನಿ" ಎಂದಳು ನಾನು ಕೇಳುವ ಮೊದಲೇ. ರಿವಾಲ್ವರ್ ಇರುವ ಓಣಿಯಲ್ಲಿ ಕಪ್ಪು ಬಟ್ಟೆ ಯಾಕೆ ಎಂದು ನನಗೆ ಹೊಳೆಯಲಿಲ್ಲ. ನನ್ನ ಕಣ್ಣೆಲ್ಲ ಅವಳು ಬುಟ್ಟಿಯಿಂದ ತೆಗೆದಿಟ್ಟ ಗಂಟಿನ ಮೇಲೆ.

ಗಂಟು ಬಿಚ್ಚಿದರು. ಅಂಥ ದೊಡ್ಡದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ನಡುವೆ ಮುರಿದು ತೆರೆಯುವಂಥದ್ದು. ಕಿಲೋದ ಮೇಲೆ ತೂಕ. ಕಪ್ಪು ಬಣ್ಣ ಮೂಲೆ ಮೂಲೆಯಲ್ಲಿ ಹೋಗಿ ಬೆಳ್ಳಗಾಗಿತ್ತು. ಹಿಡಿಕೆಗೆ ಮೇಲೊಂದು ನೀಲಿ ಬಟ್ಟೆಯ ಪಟ್ಟಿ, ಅದರಡಿಯಲ್ಲಿ ಕೆಂಪು ನೂಲು, ಅದರಡಿಯಲ್ಲಿ ಸೈಕಲ್ ಟ್ಯೂಬಿನ ರಬ್ಬರು, ಯಾರು ಯಾರೋ ತಮ್ಮ ತಮ್ಮ ಕೈಗೆ ಬೇಕಾದಂತೆ ಸುತ್ತಿದ್ದರು. ಸ್ಕ್ರೂಗಳ ತಲೆ ಸವೆದು ಗೀರು ಹರಡಿತ್ತು. ಚರ್ಮದ ಚೀಲದ ಬಾಯಿ ಹರಿದಿತ್ತು.

"ಬಾಳ ಮನಿ ತಿರುಗೇತಿ" ಎಂದರು ಕಾಕಾ.

ತಾರಾಬಾಯಿ ಖಾಲಿ ಬುಟ್ಟಿಯನ್ನು ಗೋಡೆಯ ಕಡೆ ಸರಿಸಿದಳು.

ನಮ್ಮೂರಲ್ಲಿ ರಿವಾಲ್ವರನ್ನು ಹೊಡೆದು ನೋಡಿ ಕೊಳ್ಳುವಂತಿಲ್ಲ. ಹೊಡೆದರೆ ಮಾರುವವರ ಓಣಿಗೆ ಮಟಮಟ ಮಧ್ಯಾಹ್ನ ಕತ್ತಲಾಗುತ್ತದೆ. ಕಣ್ಣು, ಕಿವಿ, ಬೆರಳಿನಿಂದಲೇ ನೋಡಬೇಕು. ಕಾಕಾ ಮೊದಲು ಅದನ್ನು ನಡು ಮುರಿದು ಗುಂಡು ಕೂರುವ ಆರೂ ತೂತುಗಳನ್ನು, ಅವಕ್ಕೆ ನಮ್ಮಲ್ಲಿ ಮನೆ ಎನ್ನುತ್ತಾರೆ, ಖಾಲಿ ಇವೆಯೇ ಎಂದು ಕಿರುಬೆರಳು ಹಾಕಿ ನೋಡಿದರು. ಮತ್ತೆ ಮುಚ್ಚಿ, ಕೀಲು ಸಡಿಲವಿದೆಯೇ ಎಂದು ನಳಿಗೆ ಹಿಡಿದು ಅಲ್ಲಾಡಿಸಿದರು. ಆಮೇಲೆ ಸಿಲಿಂಡರಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ತಿರುಗದಂತೆ ತಡೆಯುತ್ತಲೇ, ಹಿಂದಿನ ಸುತ್ತಿಗೆಯನ್ನು ಮೆಲ್ಲಗೆ ಎಳೆದರು. ಟಕ್ ಎಂದು ಮನೆ ಬಂದು ಕೂತಿತು, ಆಮೇಲೆ ಸುತ್ತಿಗೆ ನಿಂತಿತು. "ಮೊದಲ ಮನಿ ಕೂಡಬೇಕು, ಆಮ್ಯಾಲ ಸುತ್ತಿಗಿ ನಿಲ್ಲಬೇಕು. ಹಿಂದಮುಂದ ಆದ್ರ ಬಸಲಿಂಗಜ್ಜನ ಬೆರಳು" ಎಂದರು. ಆರು ಮನೆಗೂ ಆರು ಸಲ ಹಾಗೆ ಮಾಡಿದರು. ಆರೂ ಸಲ ಸದ್ದು ಒಂದೇ. ಎಳೆದು ನಿಲ್ಲಿಸಿದ ಸುತ್ತಿಗೆಯನ್ನು ಹಿಂದಿನಿಂದ ಹೆಬ್ಬೆರಳಿನಿಂದ ದೂಡಿದರು, ಜಾರಲಿಲ್ಲ.

"ಇನ್ನ ಸಂದು. ನಿನ್ನ ಕೆಲಸ, ನೋಡವಾ."

ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು ಅಗಲವಾದರೆ ಬೆಂಕಿ ಪಕ್ಕಕ್ಕೆ ಸೋರಿ ಹೋಗುತ್ತದೆ, ಸಂಜೆ ಅರ್ಧಕ್ಕೇ ನಿಲ್ಲುತ್ತದೆ. ಹಪ್ಪಳದ ಕಟ್ಟಿಗೆ ಸುತ್ತುವ ಕಾಗದ ನನ್ನ ಸೆರಗಿನ ಗಂಟಿನಲ್ಲಿತ್ತು. ಎರಡು ಮಡಿಕೆ ಮಾಡಿ ತೂರಿಸಿದೆ, ಹೋಯಿತು. ಮೂರು ಮಡಿಕೆ ಹೋಗಲಿಲ್ಲ. ದಿನಕ್ಕೆ ಮುನ್ನೂರು ಹಪ್ಪಳ ಲಟ್ಟಿಸುವ ಬೆರಳು ನನ್ನದು, ತೆಳುವಿನಲ್ಲಿ ಮೋಸ ಹೋಗುವುದಿಲ್ಲ. "ಸಾಕಷ್ಟು ಬಿಗಿ ಐತಿ ಕಾಕಾ" ಎಂದೆ.

ಕೊನೆಗೆ ನಳಿಗೆ. ಅದೇ ಕಾಗದವನ್ನು ಹಿಂದಿನಿಂದ ಹಿಡಿದು ಬೆಳಕು ಬೀಳಿಸಿ, ಬಾಯಿಂದ ಒಳಗೆ ನೋಡಬೇಕು. ಕಾಕಾ ಬಹಳ ಹೊತ್ತು ನೋಡಿದರು. ಕಣ್ಣು ಬದಲಿಸಿ ಮತ್ತೆ ನೋಡಿದರು. ನನ್ನ ಕೈಗೆ ಕೊಟ್ಟರು. ಒಳಗೆ ಗೆರೆಗಳು ಹೊಸ ಬಳೆಯ ಹಾಗೆ ಥಳಥಳ ಹೊಳೆಯುತ್ತ ಸುತ್ತಿಕೊಂಡು ಹೋಗಿದ್ದವು. ಒಂದು ಕಲೆಯಿಲ್ಲ, ತುಕ್ಕಿನ ಒಂದು ಚುಕ್ಕೆಯಿಲ್ಲ.

"ಮೈ ಮುಪ್ಪಾಗೇತಿ, ಒಳಗ ಇನ್ನೂ ಹರೇ ಐತಿ" ಎಂದು ಕಾಕಾ ನನ್ನ ಕಿವಿಯಲ್ಲಿ ಹೇಳಿದರು. "ಊರೆಲ್ಲಾ ತಿರುಗೇತಿ ಖರೆ, ಹೊಡದಿಲ್ಲ. ಇಂಥಾದ್ದು ಸಿಗೂದು ಪುಣ್ಯ ನೋಡು." ಆಮೇಲೆ ಜೋರಾಗಿ ಕೇಳಿದರು: "ಎಷ್ಟ ಸಲ ಹೊಡದೀರಿ ಬಾಯಾರ?"

"ಹೆಚ್ಚ ಹೊಡದಿಲ್ಲರಿ" ಎಂದಳು ತಾರಾಬಾಯಿ. "ನಮ್ಮ ಕಡಿ ಬಂದ ಮ್ಯಾಲ ಒಂಬತ್ತ ಸಲ. ಅಷ್ಟ."

"ಮತ್ತ ಯಾಕ ಮಾರ್ತೀರಿ?"

"ನಮಗ ಹೊಂದಿಕಿ ಆಗಲಿಲ್ಲ."

ನಾನು ಕೊರಳಿನ ಬೋರಮಾಳ ಬಿಚ್ಚಿ ಕೊಟ್ಟೆ. ಅವಳು ತೂಗಲಿಲ್ಲ, ಉಜ್ಜಿಯೂ ನೋಡಲಿಲ್ಲ. ಡಬ್ಬಿಯೊಳಗೆ ಹಾಕಿದಳು. ನಾವು ಹೊಸ್ತಿಲು ದಾಟುವಾಗ, "ನಿಮಗ ಮಕ್ಕಳಾ?" ಎಂದು ಕೇಳಿದಳು. ಒಬ್ಬಳು ಮಗಳು ಎಂದೆ. ತಲೆ ಆಡಿಸಿ ಬಾಗಿಲು ಹಾಕಿಕೊಂಡಳು. ಕೊಳ್ಳುವ ಸಂಭ್ರಮದಲ್ಲಿದ್ದ ನನಗೆ ಅದು ಸೊಕ್ಕಿನ ಹಾಗೆ ಕಂಡಿತು.

ಲೈಸೆನ್ಸಿಗೆ ಓಣಿಯವರ ಹೆಬ್ಬೆಟ್ಟು ಬೇಕು. ಎಲ್ಲರೂ ಒತ್ತಿದರು. ಪಕ್ಕದ ಮನೆಯ ಬಾಳವ್ವ, ಗಂಡ ಸತ್ತು ಮೂರು ಮಕ್ಕಳನ್ನು ಕಟ್ಟಿಕೊಂಡವಳು, ಎರಡು ಕೈಯ ಹೆಬ್ಬೆರಳನ್ನೂ ಒತ್ತಿ ನಕ್ಕಳು. "ನಮ್ಮ ನಿಂಬೆವ್ವ ರಾತ್ರಿ ಕೊಂಡು ತಂದಾಳ ನೋಡ್ರೆ! ಇನ್ನ ನಿಮ್ಮ ಗಂಡಂದಿರ ಗೊರಕಿ ದಿನಾ ಕೇಳಬೇಕು" ಎಂದು ಓಣಿಗೆಲ್ಲ ಕೂಗಿ ಹೇಳಿದಳು. ಬಸಲಿಂಗಜ್ಜ ಇನ್ನು ಬಂದೂಕು ಮುಟ್ಟುವುದಿಲ್ಲ ಎಂದ. ಹೀಗಾಗಿ ನಾನೇ ಏಣಿ ಹತ್ತಿದೆ.

ಎರಡೂ ಕೈಯಿಂದ ಹಿಡಿದೆ. ಸದ್ದಿಗಿಂತ ಮೊದಲು ಮೊಣಕೈಗೆ ಪೆಟ್ಟು ಬಿತ್ತು. ಎರಡು ವರ್ಷದಿಂದ ಪಡುವಣದಲ್ಲಿ ನಿಂತಿದ್ದ ಬಿಸಿಲು ಹಳೆಯ ಗೋಡೆಯ ಸುಣ್ಣದ ಹಾಗೆ ಉದುರತೊಡಗಿತು. ಮೊದಲು ಅಂಗಳ, ಆಮೇಲೆ ಕಟ್ಟೆ, ಆಮೇಲೆ ಜನರ ಮುಖ. ಮುಖಗಳು ಹೋದ ಮೇಲೆ ಚುಕ್ಕಿ ಬಂದವು. ಕತ್ತಲಲ್ಲಿ ಬಾಳವ್ವ ಅಳುವುದು ಕೇಳಿಸಿತು. "ಯಾಕ ಬಾಳವ್ವಾ?" ಎಂದರೆ, "ಏನಿಲ್ಲ ಬಿಡ. ಅಂವ ಸತ್ತದ್ದು ಈಗ ನೆನಪಾತು. ಅವತ್ತಿಂದ ಕುಂತು ಅಳಾಕ ಜಾಗಾನ ಸಿಕ್ಕಿರಲಿಲ್ಲ" ಎಂದಳು. ಸುಗಲಾ ಕಪ್ಪು ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಮಲಗಿದಳು. ಮರುದಿನ ಹೊತ್ತು ಏರುವ ತನಕ ಏಳಲಿಲ್ಲ. ನಾನು ಎರಡು ಸಲ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡಿದೆ.

ನಾಲ್ಕನೆಯ ದಿನಕ್ಕೆ ಅವಳ ಕೈ ನಡುಕ ನಿಂತಿತು. ಏಳನೆಯ ದಿನ, ಕನಸು ಬಿತ್ತು ಎಂದಳು. ಕನಸಿನಲ್ಲಿ ಒಂದು ಎಮ್ಮೆ ಅವಳ ಪಾಟಿ ತಿಂದಿತ್ತಂತೆ. ಅದನ್ನು ಹೇಳಿ ಹೇಳಿ ನಕ್ಕಳು.

ಪರಪ್ಪ ಸಾವ್ಕಾರ ಐದನೆಯ ದಿನ ಬಂದು ಕಟ್ಟೆಯ ಮೇಲೆ ಕೂತಿದ್ದ. ಒಂದು ಹಪ್ಪಳ ಎತ್ತಿ ಬಗ್ಗಿಸಿದ. ಮುರಿಯಲಿಲ್ಲ, ಬಟ್ಟೆಯ ಹಾಗೆ ಬಾಗಿತು. "ಒಣಗಿಲ್ಲ ತಂಗಿ. ಮೊದಲ ಮೂರು ಹಾಸು ಒಣಗಿಸ್ತಿದ್ರಿ, ಈಗ ಒಂದ ಆಗವಲ್ದು. ಬೂಸ್ಟ ಹಿಡಿತಾವ."

"ಆರಕ್ಕ ಬದಲಿ ಏಳಕ್ಕ ಹೊಡಿತೀನ್ರಿ ಸಾವ್ಕಾರ್ರ."

"ಛೇ ಛೇ. ನಾನ್ಯಾಕ ಬ್ಯಾಡನ್ಲಿ? ನಿಮ್ಮ ಓಣಿ, ನಿಮ್ಮ ರಾತ್ರಿ. ಆರಾಮ ಮಲಗ್ರಿ" ಎಂದ. ಒಂಬತ್ತನೆಯ ದಿನ ಬೆಳಗ್ಗೆ ಕೈಗಾಡಿ ಬಂತು. ಮಣೆ ಎಣಿಸಿ ಹೇರಿಕೊಂಡು ಹೋದರು. ಒಂದು ಲಟ್ಟಣಿಗೆ ಉರುಳಿ ಗಟಾರಕ್ಕೆ ಬಿದ್ದಿತ್ತು. ಅದನ್ನೂ ತೊಳೆದುಕೊಂಡೇ ಹೋದರು.

ಅವತ್ತು ಸಂಜೆಯೇ ಹೆಂಗಸರು ಬಂದರು. ಬೈಯಲು ಬಂದಿರಲಿಲ್ಲ, ಅದೇ ಕಷ್ಟ. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಬಾಳವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. "ಹತ್ತಕ್ಕ ಹೊಡಿಯ ನಿಂಬೆವ್ವಾ. ಹತ್ತಕ್ಕ ಹೊಡದ್ರೂ ರಾತ್ರಿ ರಾತ್ರೀನ ಅಲ್ಲೇನ?" ಆ ದಿನ ಹತ್ತಕ್ಕೆ ಹೊಡೆದೆ. ಮಣೆ ಬರಲಿಲ್ಲ. ಮರುದಿನ ಹನ್ನೊಂದಕ್ಕೆ ಎಂದರು. ಸುಗಲಾ ಬಿಸಿಲಲ್ಲಿ ಮಾಳಿಗೆಯ ಕೆಳಗೆ ಕೂತು, "ಯವ್ವಾ, ಇವತ್ತ ಮರೆತೇನ?" ಎಂದು ಕೇಳುತ್ತಲೇ ಇದ್ದಳು. ಹನ್ನೊಂದಕ್ಕೆ ಹೊಡೆದೆ. ಮಣೆ ಬರಲಿಲ್ಲ. ಓಣಿಯಲ್ಲಿ ಒಲೆಗಳು ಒಂದೊಂದಾಗಿ ತಣ್ಣಗಾಗತೊಡಗಿದ್ದವು. ಬಾಳವ್ವನ ಕಿರಿಯವನು ಗಂಜಿ ತಿಳಿ ಕೇಳಿಕೊಂಡು ನಮ್ಮ ಮನೆಗೆ ಬಂದ. ನಮ್ಮಲ್ಲೂ ಅನ್ನ ಆಗಿರಲಿಲ್ಲ.

ಹನ್ನೊಂದನೆಯ ದಿನ ಆರಕ್ಕೇ ಹೊಡೆದೆ. ಹಟದಿಂದ ಹೊಡೆದೆ. ಕತ್ತಲಲ್ಲಿ ಬಾಳವ್ವನ ದನಿ ಬಂತು. "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂ! ನಿನಗೊಬ್ಬಾಕಿ, ನನಗ ಮೂರದಾವ. ಹಸಗೊಂಡ ಮಕ್ಳಿಗೂ ಕತ್ತಲಾಗ ನಿದ್ದಿ ಬರೂದಿಲ್ಲ, ತಿಳ್ಕೊ!" ಹನ್ನೆರಡನೆಯ ದಿನ ನೋಡಿದರೆ ಮಾಳಿಗೆಯ ಏಣಿ ಇರಲಿಲ್ಲ. ಯಾರು ಒಯ್ದರೆಂದು ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಮಾಳಿಗೆಯಿಂದ ಹೊಡೆಯದ ಗುಂಡಿಗೆ ಸಂಜೆ ಬೀಳುವುದಿಲ್ಲ. ಅಂಗಳದಲ್ಲಿ ಹೊಡೆದರೆ ಕಾಗೆ ಏಳುತ್ತವೆ, ಅಷ್ಟೇ.

ಹೊಂದಿಕೆ ಆಗಲಿಲ್ಲ ಎಂದ ತಾರಾಬಾಯಿಯ ಮಾತು ನೆನಪಾಗಿ, ಸಿಟ್ಟಿನಲ್ಲಿ ಬಣ್ಣಗಾರರ ಓಣಿಗೆ ಹೋದೆ. ರಾತ್ರಿ ಎಂಟಾಗಿತ್ತು. ಓಣಿ ತುಂಬ ಬಿಸಿಲು. ಓಣಿ ತುಂಬ ಹಪ್ಪಳ. ತಾರಾಬಾಯಿ ಬಾಗಿಲಲ್ಲಿ ಮಣೆ ಹಾಕಿಕೊಂಡು ಲಟ್ಟಿಸುತ್ತಿದ್ದಳು. ಅಂಚು ಒಡೆದ ಆ ಮಣೆ ನನ್ನದೇ. ಎರಡು ವರ್ಷ ಅದರ ಮೇಲೆ ಕೆಲಸ ಮಾಡಿದ್ದೇನೆ, ಆ ಒಡಕು ನನ್ನ ಅಂಗೈಗೆ ಗೊತ್ತು.

"ಯಾಕ ಹೇಳಲಿಲ್ಲ?" ಎಂದೆ.

ಅವಳು ಲಟ್ಟ‌ಣಿಗೆ ನಿಲ್ಲಿಸಲಿಲ್ಲ. "ಏನ ಕೇಳಿದ್ದಿ, ಏನ ಹೇಳಲಿಲ್ಲ? ಸಿಲಿಂಡರ್ ನೋಡಿದಿ, ಸಂದು ನೋಡಿದಿ, ಕಾಗದ ಹಿಡದು ನಳಿಗಿ ನೋಡಿದಿ. ಎಷ್ಟ ಸಲ ಹೊಡದೀರಿ ಅಂದ್ರ ಒಂಬತ್ತ ಅಂತ ಖರೇನ ಹೇಳಿದೆ. ಒಂಬತ್ತ ಯಾಕ, ಹತ್ತನೇದು ಯಾಕಿಲ್ಲ ಅಂತ ಕೇಳಿದ್ಯೇನ?"

ನಾನು ಒಳಗೆ ಇಣುಕಿದೆ. ಪಡಸಾಲೆಯಲ್ಲಿ ಅವಳ ಗಂಡ ಅದೇ ಬಟ್ಟೆ ಕಟ್ಟಿಕೊಂಡು ಅದೇ ಮಗ್ಗುಲಿಗೆ ಮಲಗಿದ್ದ.

"ನನಗ ಮಾರಿದಾಕಿನೂ ಹೇಳಿರಲಿಲ್ಲ" ಎಂದಳು ತುಸು ತಗ್ಗಿದ ದನಿಯಲ್ಲಿ. "ಆಕಿ ಕಡಿ ಹದಿನಾಕು ಸಲ ಹಾರಿತ್ತಂತ. ನಾನೂ ನಿನ್ನಂಗ ಖುಷಿ ಪಟ್ಟೆ, ಹೊಸಾದ ಐತಿ ಅಂತ. ನಾವು ರಾತ್ರಿ ತಂದ್ವಿ, ಹಪ್ಪಳ ನಿಮ್ಮ ಓಣಿಗೆ ಹೋದ್ವು. ನೀವು ಕುಣದೀರಿ, ಹೌದಿಲ್ಲ? ಹೊಡಿಯೂದು ಬಿಟ್ಟು ದಾರಿ ಕಾದ್ವಿ, ಹಪ್ಪಳ ಹೊಳ್ಳಿ ಬರಲಿಲ್ಲ. ಎರಡು ವರ್ಷ ಕೂಲಿನಾಲಿ ಮಾಡಿ ನೋಡಿದ್ವಿ. ಗಿರಾಕಿ ಸಿಗೂದ ತಡ, ಮಾರಿದ್ವಿ. ಈಗ ನಾವು ಕುಣೀತೀವಿ. ಕುಂದ್ರು, ನೀರು ಕುಡಿ."

ಕೂರಲಿಲ್ಲ. ಹೊರಡುವಾಗ ಅವಳೇ ಕರೆದು ಹೇಳಿದಳು. "ಹಬ್ಬ ಬಂತು. ಸಾವ್ಕಾರಗ ಎರಡು ಓಣಿ ಬಿಸಲ ಬೇಕು. ಅದನ್ನ ಯಾರಿಗ್ಯರ ಕೊಟ್ಟು ಬಿಡು. ಮನ್ಯಾಗ ಇಟಗೊಂಡು ಹೊಡೀದ ಇದ್ರೂ ಅಂವ ನಂಬೂದಿಲ್ಲ."

ಒಂದು ವಾರ ಹಿಡಿದಿಟ್ಟುಕೊಂಡೆ. ಸುಗಲಾಳ ಕೈ ಮತ್ತೆ ನಡುಗತೊಡಗಿತು. ಏಣಿ ತರುತ್ತೇನೆ, ನಾಳೆ ತರುತ್ತೇನೆ ಎಂದುಕೊಂಡೆ. ನಮ್ಮ ಡಬ್ಬಿಯಲ್ಲಿ ಹಿಟ್ಟು ಮುಗಿದ ದಿನ, ಹೊಟ್ಟೆ ತುಂಬಿದ ಮಗು ಹಗಲಲ್ಲಿ ಬೀಳುವುದು ಮೇಲೋ, ಹಸಿದ ಮಗು ರಾತ್ರಿ ಮಲಗುವುದು ಮೇಲೋ ಎಂದು ಒಲೆಯ ಮುಂದೆ ಕೂತು ಯೋಚಿಸಿದೆ. ತಾಯಿಯಾದವಳು ಯೋಚಿಸಬಾರದ ಲೆಕ್ಕ ಅದು. ಆದರೆ ಅದನ್ನು ಬೇರೆ ಯಾರೂ ಮಾಡಿಕೊಡುವುದಿಲ್ಲ. ಬುಡನಸಾಬ ಕಾಕಾಗೆ ಹೇಳಿದೆ. ಅವರು ತಲೆಯ ಮೇಲಿನ ಟೋಪಿ ತೆಗೆದು, ಒಳಗೆ ನೋಡಿ, ಮತ್ತೆ ಹಾಕಿಕೊಂಡರು. "ಈ ಸಲ ನಾ ಬರೂದಿಲ್ಲವಾ. ಮಂದಿನ ಕಳಸ್ತೀನಿ, ನೀನ ಮಾತಾಡು" ಎಂದರು.

ಬಂದವನು ಇಟ್ಟಂಗಿ ಓಣಿಯ ಯುವಕ, ದುರ್ಗಪ್ಪ. ತೋಳಿನಲ್ಲಿ ಮಣ್ಣಿನ ಕಲೆ. ಅವನ ಕೂಸು ಹುಟ್ಟಿ ನಲವತ್ತು ದಿನ. "ಐದ ಐದು ರಾತ್ರಿ ನೋಡೇತ್ರಿ ಅಕ್ಕಾರ. ಹಗಲೆಲ್ಲಾ ಕಿರುಚತೈತಿ. ಆಕಿಗೆ ನಿದ್ದಿಲ್ಲ, ಎದಿಹಾಲು ಬತ್ತಾಕ ಹತ್ಯಾವ." ಅವರ ಓಣಿಯಲ್ಲಿ ಹಸಿ ಇಟ್ಟಂಗಿ ಒಣಗಿಸುವ ಕೆಲಸ. ಯಾರ ಭಟ್ಟಿ ಎಂದು ಕೇಳಿದೆ. ಪರಪ್ಪ ಸಾವ್ಕಾರರದು ಎಂದ. "ಬಾಳ ಒಳ್ಳೇರು. ಎಂದೂ ಬೈದವರಲ್ಲ."

ಅವನು ಕಲಿತುಕೊಂಡು ಬಂದಿದ್ದ. ನಡು ಮುರಿದು ಆರೂ ಮನೆ ನೋಡಿದ. ಹೆಬ್ಬೆರಳು ಒತ್ತಿ ಹಿಡಿದು ಸುತ್ತಿಗೆ ಎಳೆದು ಆರು ಸಲ ಕಿವಿಗೊಟ್ಟು ಕೇಳಿದ. ಸಂದು ನೋಡಲು ಏನೂ ತಂದಿರಲಿಲ್ಲ, ಉಗುರು ತೂರಿಸಲು ನೋಡುತ್ತಿದ್ದ. ಪಡಸಾಲೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ ಸುಗಲಾ ಆ ಸದ್ದಿನಿಂದಲೇ ತಿಳಿದುಕೊಂಡು, "ಯವ್ವಾ, ಅವರಿಗೆ ಹಪ್ಪಳದ ಕಾಗದ ಕೊಡ. ಎರಡು ಮಡಿಕಿ ಹೋಗ್ತೇತಿ, ಮೂರು ಹೋಗೂದಿಲ್ಲ" ಎಂದಳು. ಅವನು ನಕ್ಕ. ಕಾಗದ ಕೊಟ್ಟೆ. ಎರಡು ಹೋಯಿತು, ಮೂರು ಹೋಗಲಿಲ್ಲ.

"ಕೂಸಿಗೆ ಏನಾಗೇತ್ರಿ?"

"ಕಣ್ಣು ಬ್ಯಾನಿ" ಎಂದೆ.

ಅವನು ಕಾಗದವನ್ನು ಹಿಂದೆ ಹಿಡಿದು ನಳಿಗೆಯೊಳಗೆ ನೋಡಿದ. ಮುಖದಲ್ಲಿ ಒಂದು ಬೆಳಕು ಬಂತು. ನನಗೂ ಹೀಗೇ ಬಂದಿರಬೇಕು. "ಮ್ಯಾಲ ಹಳೇದು ಖರೆ, ಒಳಗ ಹೊಸಾದ ಐತಿ. ಎಷ್ಟ ಸಲ ಹೊಡದೀರಿ ಅಕ್ಕಾರ?"

ಮಾತು ನಾಲಿಗೆಯ ತುದಿಯಲ್ಲಿತ್ತು. ಹನ್ನೊಂದು ಎಂದರೆ, ಹನ್ನೆರಡನೆಯದು ಯಾಕಿಲ್ಲ ಎಂದು ಅವನು ಕೇಳಲಿ ಎಂದುಕೊಂಡೆ. ಕೇಳಿದ್ದರೆ ಹೇಳುತ್ತಿದ್ದೆ, ದೇವರಾಣೆ ಹೇಳುತ್ತಿದ್ದೆ. ಹೊರಗೆ ಬಾಳವ್ವನ ಕಿರಿಯವನು ನಮ್ಮ ಬಾಗಿಲ ಮುಂದೆ ಕೂತು ಗಟಾರದ ಮಣ್ಣಿನಲ್ಲಿ ಹಪ್ಪಳ ಲಟ್ಟಿಸುವ ಆಟ ಆಡುತ್ತಿದ್ದ.

"ಹೆಚ್ಚ ಹೊಡದಿಲ್ಲಪ್ಪ" ಎಂದೆ. "ಹನ್ನೊಂದ ಸಲ. ಅಷ್ಟ."

ಅವನು ಹೆಂಡತಿಯ ಬೆಳ್ಳಿ ಕಡಗ ಕೊಟ್ಟ. ನಾನು ತೂಗಲಿಲ್ಲ. ಹಿಡಿಕೆಯ ನೀಲಿ ಪಟ್ಟಿಯ ಮೇಲೆ ನಾನು ಸುತ್ತಿದ್ದ ಸುಗಲಾಳ ಹಳೆಯ ಲಂಗದ ಅಂಚು ಹಾಗೇ ಇತ್ತು. ಬಿಚ್ಚಿಕೊಳ್ಳಬೇಕೆಂದು ನೆನಪಾಗುವಷ್ಟರಲ್ಲಿ ಅವನು ಓಣಿ ದಾಟಿದ್ದ.

ಎರಡನೆಯ ದಿನಕ್ಕೆ ಮಣೆಗಳು ಬಂದವು. ಏಣಿಯೂ ಬಂತು, ತಾನಾಗಿಯೇ ಗೋಡೆಗೆ ಒರಗಿ ನಿಂತಿತ್ತು. ಬಾಳವ್ವ ನನ್ನ ಮನೆಗೆ ಒಂದು ಸೇರು ಜೋಳದ ಹಿಟ್ಟು ತಂದಿಟ್ಟಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೂತು ಲಟ್ಟಿಸುತ್ತೇವೆ. ಸುಗಲಾ ಮೊನ್ನೆ ಮತ್ತೆ ಬಿದ್ದಳು. ಈ ಸಲ ನನ್ನ ಮಡಿಲಿಗೇ ಬಿದ್ದಳು, ಅಷ್ಟು ಪುಣ್ಯ.

ಈಗ ಅವಳಿಗೊಂದು ಹೊಸ ಆಟ. ಆರು ಗಂಟೆಗೆ ಏಣಿ ಹತ್ತಿ ಮಾಳಿಗೆಯ ಮೇಲೆ ಕೂರುತ್ತಾಳೆ. ಕಣ್ಣಿನ ಬಟ್ಟೆಯನ್ನು ಹಣೆಗೆ ಸರಿಸಿ ತೆಂಕಣ ದಿಕ್ಕಿಗೆ, ಇಟ್ಟಂಗಿ ಓಣಿಯ ಕಡೆಗೆ ನೋಡುತ್ತಾಳೆ. ಅಲ್ಲಿ ಢಂ ಎಂದರೆ ಆ ಓಣಿಯ ಮೇಲಷ್ಟೇ ಕತ್ತಲು, ಹಂಚಿನ ಮೇಲೆ ಮಗುಚಿಟ್ಟ ಬುಟ್ಟಿಯ ಹಾಗೆ, ಕೂತುಕೊಳ್ಳುತ್ತದೆ. ಅದರೊಳಗೆ ದೀಪ ಹಚ್ಚುತ್ತಾರೆ. ಸುಗಲಾ ಮೇಲಿನಿಂದ ಕೂಗುತ್ತಾಳೆ: "ಯವ್ವಾ, ನಮ್ಮ ಬಂದೂಕ! ಎಂಟು!" ಮರುದಿನ, "ಒಂಬತ್ತು!" ಆ ಕೂಸು ಈಗ ಮಲಗಿರಬೇಕಲ್ಲವಾ ಎಂದು ಕೇಳುತ್ತಾಳೆ. ಹೌದು ಎನ್ನುತ್ತೇನೆ.

ಹತ್ತನೆಯ ದಿನ ಅದು ಏಳೂವರೆಗೆ ಹಾರಿತು. ಹನ್ನೊಂದನೆಯ ದಿನ ಹತ್ತಕ್ಕೆ. ನಿನ್ನೆ ಹಾರಲಿಲ್ಲ. ಸುಗಲಾ ಹನ್ನೊಂದರ ತನಕ ಮಾಳಿಗೆಯ ಮೇಲೆ ಬಿಸಿಲಲ್ಲಿ ಕೂತಿದ್ದಳು. ಕೊನೆಗೆ ಇಳಿದು ಬಂದು ನನ್ನ ಮಣೆಯ ಪಕ್ಕದಲ್ಲಿ ನಿಂತಳು.

"ಇವತ್ತ ಮರ್ತಿರಬೇಕು ಅಲ್ಲವ್ವಾ?"

ನಾನು ಎದ್ದು ಹೋಗಿ, ಒಂದು ಮಗ್ಗುಲು ಒಣಗಿದ ಹಪ್ಪಳಗಳನ್ನು ತಿರುವಿ ಹಾಕತೊಡಗಿದೆ.